ಬಿಸಿಲಲ್ಲಿ ಬೆಳೆದ ಸುಳ್ಳು

ನ್ಯೂಯಾರ್ಕಿನ ಇಕ್ಕಟ್ಟಾದ ಕೋಣೆಯಲ್ಲಿ ಯುವಕನೊಬ್ಬ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಜಾಝ್ ರೆಕಾರ್ಡ್‌ಗಳನ್ನು ಕೇಳುತ್ತಿದ್ದಾನೆ. ನುಡಿಸುತ್ತಿರುವವರು ಯಾರೆಂದು ತಾನೇ ಊಹಿಸುತ್ತಾನೆ, ತಾನೇ ತಾಳೆ ನೋಡುತ್ತಾನೆ. ಒಂದು ಹಾಡಿನಲ್ಲಂತೂ ದನಿ ಗಂಡಸಿನದೋ ಹೆಂಗಸಿನದೋ ಎಂಬುದೇ ಅವನಿಗೆ ತಿಳಿಯುವುದಿಲ್ಲ. ಈ ಸಂಗೀತದ ಮೇಲೆ ಅವನಿಗೆ ಒಲವೇನೂ ಇಲ್ಲ. ಇಟಲಿಯಲ್ಲಿ ಹಾಯಾಗಿ ಕಾಲ ಕಳೆಯುತ್ತಿರುವ ಶ್ರೀಮಂತರ ಮಗನಿಗೆ ಜಾಝ್ ಹುಚ್ಚು, ಅವನ ಗೆಳೆತನ ಸಂಪಾದಿಸಬೇಕು, ಅಷ್ಟೇ.

ಪೆಟ್ರೀಷಿಯಾ ಹೈಸ್ಮಿತ್ 1955ರಲ್ಲಿ ಬರೆದ ಕಾದಂಬರಿಯನ್ನು ಆಧರಿಸಿ ಆಂಟನಿ ಮಿಂಗೆಲ್ಲಾ 1999ರಲ್ಲಿ ತೆರೆಗೆ ತಂದ ‘ದಿ ಟ್ಯಾಲೆಂಟೆಡ್ ಮಿಸ್ಟರ್ ರಿಪ್ಲಿ’ಯ ನಾಯಕ ಟಾಮ್ ರಿಪ್ಲಿ ಇವನು. ಕಾದಂಬರಿಯಲ್ಲಿ ಶ್ರೀಮಂತ ಯುವಕ ಡಿಕಿ ಗ್ರೀನ್‌ಲೀಫ್‌ಗೆ ಚಿತ್ರ ಬರೆಯುವ ಗೀಳು. ಮಿಂಗೆಲ್ಲಾ ಅವನ ಕೈಗೆ ಸ್ಯಾಕ್ಸೋಫೋನ್ ಕೊಟ್ಟರು. ಈ ಒಂದು ಬದಲಾವಣೆಯಿಂದ ಇಡೀ ಚಿತ್ರಕ್ಕೇ ಕಿವಿ ಬಂತು. ಡಿಕಿಯ ಬದುಕು ಜಾಝ್‌ನಂತೆ ತಾಳ ತಪ್ಪಿಯೂ ತಾಳಕ್ಕೇ ಬಂದು ನಿಲ್ಲುತ್ತದೆ. ರಿಪ್ಲಿ ಮಾತ್ರ ಒಬ್ಬನೇ ಇದ್ದಾಗ ಪಿಯಾನೊ ಮೇಲೆ ಬಾಖ್ ನುಡಿಸುತ್ತಾನೆ.

ವಂಚಕರ ಸಿನಿಮಾಗಳಲ್ಲಿ ಸಾಮಾನ್ಯವಾಗಿ ನಾವು ಸವಿಯುವುದು ಅವರ ಚಾಲಾಕಿತನವನ್ನು. ರಿಪ್ಲಿಯ ದಾರಿ ಬೇರೆ. ಅವನು ಹೇಳುವ ಸುಳ್ಳುಗಳಿಗಿಂತ, ಇನ್ನೊಬ್ಬರು ತಪ್ಪು ತಿಳಿದುಕೊಂಡಾಗ ಅವನು ತಿದ್ದದೇ ಬಿಡುವುದೇ ಹೆಚ್ಚು. ಎರವಲು ತಂದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಕೋಟು ತೊಟ್ಟು ಒಂದು ಕೂಟದಲ್ಲಿ ಪಿಯಾನೊ ನುಡಿಸುತ್ತಾನೆ. ಹಡಗು ಕಟ್ಟುವ ಸಿರಿವಂತ ಹರ್ಬರ್ಟ್ ಗ್ರೀನ್‌ಲೀಫ್ ಆ ಕೋಟು ನೋಡಿ, ಇವನು ತನ್ನ ಮಗನ ಸಹಪಾಠಿಯೇ ಇರಬೇಕೆಂದುಕೊಳ್ಳುತ್ತಾರೆ. ಇವನು ಅಲ್ಲ ಎನ್ನುವುದಿಲ್ಲ. ಮಗನನ್ನು ಮನೆಗೆ ಕರೆತರಲು 1,000 ಡಾಲರ್ ಕೊಟ್ಟು ಇಟಲಿಗೆ ಕಳಿಸುತ್ತಾರೆ. ಕತೆ ಶುರುವಾಗುವುದು ಹೀಗೆ, ಒಂದು ಕೋಟಿನಿಂದ.

ಮುಂದಿನದೆಲ್ಲ ಬಿಸಿಲು. ಇಸ್ಕಿಯಾ, ಪ್ರೊಚಿಡಾ ದ್ವೀಪಗಳಲ್ಲಿ ಚಿತ್ರೀಕರಿಸಿದ ಕಾಲ್ಪನಿಕ ಊರು ಮಾಂಜಿಬೆಲ್ಲೊ, ಜಾನ್ ಸೀಲ್ ಅವರ ಛಾಯಾಗ್ರಹಣದಲ್ಲಿ ನೀಲಿ ನೀರು, ಗುಂಡಿ ಬಿಚ್ಚಿದ ಅಂಗಿಗಳು, ದೋಣಿ, ಐಸ್ ಹಾಕಿದ ಪಾನೀಯ. ಈ ಚೆಲುವು ಬರೀ ಅಲಂಕಾರವಲ್ಲ, ಕೊಲೆಗೆ ಕಾರಣವೇ ಅದು. ಆನ್ ರಾತ್ ಮತ್ತು ಗ್ಯಾರಿ ಜೋನ್ಸ್ ರೂಪಿಸಿದ ಉಡುಪುಗಳನ್ನು ನೋಡುತ್ತಾ ಹೋದರೆ ಸಾಕು: ಡಿಕಿಯ ಬಟ್ಟೆ ಅವನ ಮೈಗೆ ಅಂಟಿಯೇ ಹುಟ್ಟಿದಂತಿದೆ, ರಿಪ್ಲಿಯದು ಕಂತಿನಲ್ಲಿ ಕೊಂಡಂತಿದೆ. ಒಂದು ದಿನ ರಿಪ್ಲಿ ಡಿಕಿಯ ಬಟ್ಟೆ ತೊಟ್ಟು ಕನ್ನಡಿ ಮುಂದೆ ಕುಣಿಯುತ್ತಿರುವಾಗಲೇ ಡಿಕಿ ಒಳಗೆ ಬರುತ್ತಾನೆ. ರಿಪ್ಲಿಯಾಗಿ ನಟಿಸಿದ ಮ್ಯಾಟ್ ಡೇಮನ್ ತಟ್ಟನೆ ಕನ್ನಡಿಯ ಹಿಂದೆ ಸರಿದು ತಲೆಯಷ್ಟೇ ಹೊರಗೆ ಹಾಕುವಾಗ, ಸಿಕ್ಕಿಬಿದ್ದ ನಾಚಿಕೆ ನೋಡುವವರ ಮೈಗೂ ಹತ್ತುತ್ತದೆ. ನಮ್ಮನ್ನು ಕೊಲೆಗಾರನ ಪಕ್ಕ ಕೂರಿಸಲು ಇಡೀ ಚಿತ್ರದಲ್ಲಿ ಇದಕ್ಕಿಂತ ಸಮರ್ಥ ದೃಶ್ಯ ಇನ್ನೊಂದಿಲ್ಲ.

ಡಿಕಿಯಾಗಿ ಜೂಡ್ ಲಾ ನೀಡಿದ ಅಭಿನಯಕ್ಕೆ ಬಾಫ್ಟಾ ಪ್ರಶಸ್ತಿ ಬಂತು, ಆಸ್ಕರ್ ನಾಮನಿರ್ದೇಶನವೂ ದೊರೆಯಿತು. ತನ್ನ ಗಮನದ ಬೆಳಕು ಯಾರ ಮೇಲೆ ಬಿದ್ದರೂ ಅವರನ್ನು ಅರಳಿಸುವ, ಬೇಸರ ಬಂದೊಡನೆ ಅದನ್ನು ಆರಿಸಿಬಿಡುವ ಮನುಷ್ಯ ಅವನು. ಆ ಬೆಳಕು ಆರಿದ ಮೇಲೆ ಸ್ಯಾನ್ ರೆಮೊ ಸಮುದ್ರದ ನಡುವೆ ಪುಟ್ಟ ದೋಣಿಯಲ್ಲಿ ಮಾತಿಗೆ ಮಾತು ಬೆಳೆಯುತ್ತದೆ, ರಿಪ್ಲಿಯ ಕೈಗೆ ಹುಟ್ಟು ಬರುತ್ತದೆ. ಹೊಡೆದಾಟ ಮುಗಿದ ಮೇಲೆ ಅವನು ಹೆಣದ ಮಗ್ಗುಲಲ್ಲೇ ಅಪ್ಪಿ ಮಲಗುತ್ತಾನೆ. ಅಲ್ಲಿ ದ್ವೇಷ ಎಷ್ಟು, ಪ್ರೀತಿ ಎಷ್ಟು ಎಂದು ಬಿಡಿಸಿ ಹೇಳಲಾಗದು.

ಹೋಟೆಲಿಗೆ ಮರಳಿದಾಗ ಅಲ್ಲಿನ ಸಿಬ್ಬಂದಿ ಅವನನ್ನೇ ಗ್ರೀನ್‌ಲೀಫ್ ಎಂದುಕೊಳ್ಳುತ್ತಾನೆ. ಮತ್ತೆ ಅದೇ ಕೋಟಿನ ಕತೆ. ಅಲ್ಲಿಂದ ರೋಮ್‌ಗೆ ಹೋಗಿ ಎರಡು ಹೋಟೆಲುಗಳಲ್ಲಿ ಎರಡು ಹೆಸರಿನಲ್ಲಿ ಕೋಣೆ ಹಿಡಿದು, ತನಗೆ ತಾನೇ ಸಂದೇಶ ಬಿಡುತ್ತಾನೆ. ಡಿಕಿಯ ಗೆಳೆಯ ಫ್ರೆಡಿ ಹುಡುಕಿಕೊಂಡು ಬಂದಾಗಿನ ದೃಶ್ಯವನ್ನು ಫಿಲಿಪ್ ಸೇಮೋರ್ ಹಾಫ್‌ಮನ್ ತಮ್ಮದಾಗಿಸಿಕೊಂಡುಬಿಡುತ್ತಾರೆ. ಅವಸರವಿಲ್ಲದೆ ಮನೆಯ ಸಾಮಾನುಗಳನ್ನು ನೋಡುತ್ತಾ, ಪಿಯಾನೊದ ಮನೆಗಳನ್ನು ಒರಟಾಗಿ ಕುಟ್ಟುತ್ತಾ ಅವನು ಗ್ರಹಿಸುವುದು ಒಂದೇ: ಇದು ಡಿಕಿಯ ಅಭಿರುಚಿಯಲ್ಲ. ಪೊಲೀಸರಿಗೆ ಕಾಣದ್ದು ಶ್ರೀಮಂತ ಗೆಳೆಯನಿಗೆ ಪೀಠೋಪಕರಣದಲ್ಲಿ ಕಾಣುತ್ತದೆ. ವರ್ಗದ ಕುರಿತು ಇಷ್ಟು ನಿಖರವಾದ ದೃಶ್ಯ ಥ್ರಿಲರ್‌ಗಳಲ್ಲಿ ಅಪರೂಪ. ಫ್ರೆಡಿ ಜೀವಂತ ಹಿಂದಿರುಗುವುದಿಲ್ಲ ಎಂಬುದು ಬೇರೆ ಮಾತು.

ಯಾರೂ ಕೇಳದೆ, ಯಾವ ಲಾಭವೂ ಇಲ್ಲದೆ ರಿಪ್ಲಿ ಹೇಳಿದ ಸುಳ್ಳು ಒಂದಿದೆ. ಇಟಲಿಯಲ್ಲಿ ಹಡಗಿನಿಂದ ಇಳಿದ ದಿನವೇ, ಇನ್ನೂ ಡಿಕಿಯ ಮುಖ ನೋಡುವ ಮೊದಲೇ, ಮೆರೆಡಿತ್ ಎಂಬ ಹೆಣ್ಣುಮಗಳಿಗೆ ತನ್ನ ಹೆಸರು ಡಿಕಿ ಗ್ರೀನ್‌ಲೀಫ್ ಎಂದಿರುತ್ತಾನೆ. ಕೇಟ್ ಬ್ಲಾಂಚೆಟ್ ನಟಿಸಿದ ಈ ಪಾತ್ರ ಕಾದಂಬರಿಯಲ್ಲಿಲ್ಲ, ಮಿಂಗೆಲ್ಲಾ ಅವರ ಸೃಷ್ಟಿ. ಹೈಸ್ಮಿತ್ ತಮ್ಮ ರಿಪ್ಲಿಯನ್ನು ನಿಶ್ಚಿಂತೆಯಾಗಿ ಪಾರು ಮಾಡಿ, ಅವನ ಮೇಲೆ ಇನ್ನೂ ನಾಲ್ಕು ಕಾದಂಬರಿ ಬರೆದರು. ಮಿಂಗೆಲ್ಲಾ ಪೊಲೀಸರಿಂದ ಪಾರು ಮಾಡಿ ಮೆರೆಡಿತ್ ಕೈಗೆ ಸಿಕ್ಕಿಸಿದರು. ಕೊನೆಯ ಹಡಗಿನಲ್ಲಿ ಅವನ ಜೊತೆಗಿರುವ ಪೀಟರ್ ಅವನನ್ನು ಟಾಮ್ ಎಂದೇ ಅರಿತು ಪ್ರೀತಿಸುವವನು. ಅದೇ ಹಡಗಿನಲ್ಲಿರುವ ಮೆರೆಡಿತ್‌ಗೆ ಅವನು ಡಿಕಿ. ಇಬ್ಬರೂ ಎದುರಾದರೆ ಕತೆ ಮುಗಿಯಿತು. ಮೆರೆಡಿತ್ ಸುತ್ತ ನೆಂಟರ ಗುಂಪಿದೆ, ಪೀಟರ್ ಒಬ್ಬನೇ ಇದ್ದಾನೆ.

ಕಾನೂನು ಕೊಡಬಹುದಾಗಿದ್ದ ಯಾವ ಶಿಕ್ಷೆಗಿಂತಲೂ ಇದು ಕ್ರೂರ. ಮೂಲವನ್ನು ಮೀರಿ ನಿಂತ ರೂಪಾಂತರ ಎಂದು ಈ ಚಿತ್ರವನ್ನು ಕರೆಯಲು ಈ ಒಂದು ತಿರುವೇ ಸಾಕು.

ಇದೇ ಕತೆಯನ್ನು 1960ರಲ್ಲಿ ರೆನೆ ಕ್ಲೆಮಾ ಅವರು ಅಲೆ ದೆಲಾನ್ ಅವರೊಂದಿಗೆ ಫ್ರೆಂಚ್‌ನಲ್ಲಿ ಮಾಡಿದ್ದರು. ಅಲ್ಲಿ ರಿಪ್ಲಿಯೇ ಎಲ್ಲರಿಗಿಂತ ಚೆಲುವ, ಹಾಗಾಗಿ ಅಸೂಯೆಯ ಬಿಸಿ ಕಡಿಮೆ. 2024ರಲ್ಲಿ ಸ್ಟೀವನ್ ಝೈಲಿಯನ್ ಅವರು ಆಂಡ್ರ್ಯೂ ಸ್ಕಾಟ್ ಅವರನ್ನಿಟ್ಟು ನೆಟ್‌ಫ್ಲಿಕ್ಸ್‌ಗೆ ಕಪ್ಪು–ಬಿಳುಪಿನ ಸರಣಿ ಮಾಡಿದರು. ಮೆಟ್ಟಿಲು, ಲೇಖನಿ, ರಕ್ತ ಒರೆಸುವ ಕೆಲಸ, ಎಲ್ಲವನ್ನೂ ತಾಳ್ಮೆಯಿಂದ ತೋರಿಸುವ ಆ ಸರಣಿಗೆ ಅದರದೇ ಬಿಗಿ ಇದೆ. ಸರಣಿ, ಚಿತ್ರ ಎರಡನ್ನೂ ನೋಡುವವರು 1999ರದನ್ನೇ ಮೊದಲು ನೋಡುವುದು ಒಳ್ಳೆಯದು. ಆ ಬಣ್ಣಗಳನ್ನು ಒಮ್ಮೆ ಕಂಡವರಿಗೆ ರಿಪ್ಲಿ ಏನನ್ನು ಕದಿಯಲು ಹೊರಟಿದ್ದ ಎಂಬುದು ಸ್ಪಷ್ಟವಾಗಿರುತ್ತದೆ.