ಶಕ್ತಿ ಹೆಚ್ಚಿದರೆ ಕ್ಯಾನ್ಸರ್ ಬರುವುದಿಲ್ಲವೇ?

ನಂಬಿಕೆ: ರೋಗನಿರೋಧಕ ಶಕ್ತಿ ಹೆಚ್ಚಿದಷ್ಟೂ ಒಳ್ಳೆಯದು. ಶಕ್ತಿಯ ಪುಡಿ, ಕಷಾಯ ಕುಡಿದರೆ ಕರುಳಿನ ಕ್ಯಾನ್ಸರ್ ಹತ್ತಿರ ಸುಳಿಯದು.

ಸತ್ಯ: ನಾವು ಉಣ್ಣುವ ಜೋಳದ ರೊಟ್ಟಿ, ಕಾಳುಪಲ್ಯ, ಕರುಳಲ್ಲೇ ನೆಲೆಸಿದ ಲೆಕ್ಕವಿಲ್ಲದ ಬ್ಯಾಕ್ಟೀರಿಯಾ, ಎಲ್ಲವೂ ದೇಹಕ್ಕೆ ಹೊರಗಿನವೇ. ರಕ್ಷಣಾ ಕೋಶಗಳು ಇವೆಲ್ಲದರ ಮೇಲೂ ಮುಗಿಬಿದ್ದರೆ ಕರುಳೇ ಹುಣ್ಣಾಗುತ್ತದೆ. ಅವಕ್ಕೆ ಕಡಿವಾಣ ಹಾಕುವುದು ನಿಯಂತ್ರಕ ಟಿ ಕೋಶಗಳು. 1995ರಲ್ಲಿ ಜಪಾನಿನ ಶಿಮೊನ್ ಸಕಾಗುಚಿ ಇವನ್ನು ಗುರುತಿಸಿದರು. 2001ರಲ್ಲಿ ಮೇರಿ ಬ್ರಂಕೊ ಮತ್ತು ಫ್ರೆಡ್ ರಾಮ್ಸ್‌ಡೆಲ್ ಫಾಕ್ಸ್‌ಪಿ3 ಎಂಬ ವಂಶವಾಹಿಯನ್ನು ಪತ್ತೆ ಹಚ್ಚಿದರು. ಈ ಕೋಶಗಳು ರೂಪುಗೊಳ್ಳುವುದೇ ಅದರಿಂದ ಎಂಬುದು ಆಮೇಲೆ ತಿಳಿಯಿತು. ಮೂವರಿಗೂ 2025ರ ನೊಬೆಲ್ ಬಂತು. ಆ ವಂಶವಾಹಿ ಕೆಟ್ಟಿರುವ ಗಂಡುಕೂಸುಗಳಿಗೆ ನಿಲ್ಲದ ಭೇದಿ, ಎಳವೆಯಲ್ಲೇ ಮಧುಮೇಹ. ಆ ಕೂಸುಗಳಿಗೆ ಶಕ್ತಿ ಕಡಿಮೆಯಾಗಿಲ್ಲ, ಇರುವ ಶಕ್ತಿಯನ್ನು ತಡೆಯುವವರಿಲ್ಲ.

ನಂಬಿಕೆ: ಹಾಗಾದರೆ ಕ್ಯಾನ್ಸರ್ ಗಡ್ಡೆಯನ್ನು ರಕ್ಷಣಾ ಕೋಶಗಳಿಂದ ಕಾಪಾಡುವುದೂ ಈ ನಿಯಂತ್ರಕ ಕೋಶಗಳೇ, ಇವನ್ನು ಕೊಂದರೆ ಮುಗಿಯಿತು.

ಸತ್ಯ: ಅಂಡಾಶಯದ ಕ್ಯಾನ್ಸರ್‌ನಲ್ಲಿ ಇವು ಹೆಚ್ಚಿದ್ದವರು ಕಡಿಮೆ ಕಾಲ ಬದುಕಿದರೆಂದು 2004ರ ಅಧ್ಯಯನ ಹೇಳಿತು. ದೊಡ್ಡ ಕರುಳಿನ ಲೆಕ್ಕ ಬೇರೆ. ಅಲ್ಲಿ ಫಾಕ್ಸ್‌ಪಿ3 ಕೆಲಸ ಮಾಡುವ ಕೋಶಗಳು ಹೆಚ್ಚಿದ್ದವರೇ ಚೆನ್ನಾಗಿ ಬಾಳಿದ ಉದಾಹರಣೆಗಳು ಹಲವು ಅಧ್ಯಯನಗಳಲ್ಲಿವೆ. ಈ ಗೋಜಲನ್ನು ಬಿಡಿಸಿದ್ದು 2016ರಲ್ಲಿ ಸಕಾಗುಚಿಯವರೂ ಇದ್ದ ತಂಡ. ಕರುಳಿನ ಗಡ್ಡೆಗಳಲ್ಲಿ ಫಾಕ್ಸ್‌ಪಿ3 ಕೋಶಗಳು ಎರಡು ಬಗೆ: ಒಂದು ಬಗೆ ರಕ್ಷಣಾ ಪಡೆಯನ್ನು ತಡೆಯುತ್ತದೆ, ಇನ್ನೊಂದು ತಡೆಯುವುದಿಲ್ಲ. ಎರಡನೆಯದು ಹೆಚ್ಚಿದ್ದವರ ಸ್ಥಿತಿ ಉತ್ತಮವಾಗಿತ್ತು. ಆದ್ದರಿಂದ ಒಟ್ಟು ಎಣಿಕೆಯಿಂದ ಏನೂ ಹೇಳಲಾಗದು. ಕಡಿವಾಣ ಸಡಿಲಿಸುವ ಇಮ್ಯುನೊಥೆರಪಿ ಔಷಧಿಗಳಿಂದ ಕೆಲವರಿಗೆ ತೀವ್ರ ಕರುಳಿನ ಉರಿಯೂತ ಬರುವುದೂ ರಕ್ಷಣಾ ಕೋಶಗಳು ತಡೆಯಿಲ್ಲದೆ ಕರುಳಿನ ಮೇಲೇ ಮುಗಿಬೀಳುವುದರಿಂದ. ವೈದ್ಯರ ಕಣ್ಗಾವಲಿನಲ್ಲೂ ಇಷ್ಟು ಜೋಪಾನ ಬೇಕಾದ ಕೆಲಸವನ್ನು ಪುಡಿಯ ಡಬ್ಬಿ ಮಾಡುತ್ತದೆಂದು ಮಾರುವುದು ರೋಗಿಯ ಜೀವದ ಜೊತೆ ಆಡುವ ಆಟ.

ನಂಬಿಕೆ: ದುಬಾರಿ ಇಮ್ಯುನೊಥೆರಪಿ ಎಲ್ಲರಿಗೂ ಗುಣ ಕೊಡುತ್ತದೆ.

ಸತ್ಯ: ಇಲ್ಲ. ದೊಡ್ಡ ಕರುಳಿನ ಕ್ಯಾನ್ಸರ್‌ಗಳಲ್ಲಿ ಇದಕ್ಕೆ ಚೆನ್ನಾಗಿ ಬಗ್ಗುವುದು ಮುಖ್ಯವಾಗಿ ಎಂಎಸ್‌ಐ ಹೈ ಎಂಬ ಬಗೆ. ಅದು ಸುಮಾರು ಶೇಕಡಾ 15ರಷ್ಟು, ಬೇರೆ ಅಂಗಗಳಿಗೆ ಹರಡಿದವುಗಳಲ್ಲಿ ಇನ್ನೂ ಕಡಿಮೆ. ಚಿಕಿತ್ಸೆಗೆಂದು ಹೊಲ ಮಾರುವ ಮೊದಲು ಗಡ್ಡೆಯ ತುಣುಕಿಗೆ ಎಂಎಸ್‌ಐ ಪರೀಕ್ಷೆ ಆಗಿದೆಯೇ ಎಂದು ವೈದ್ಯರನ್ನು ಕೇಳಿ.

ನಂಬಿಕೆ: ಮಲದಲ್ಲಿ ರಕ್ತ ಬಂದರೆ ಮೂಲವ್ಯಾಧಿಯೇ.

ಸತ್ಯ: ಬಹುಪಾಲು ಇರಬಹುದು, ಆದರೆ ನೋಡದೆ ಹೇಳಲಾಗದು. ರಕ್ತ ಮತ್ತೆ ಮತ್ತೆ ಬಂದರೆ, ಮಲ ಹೋಗುವ ರೀತಿ ವಾರಗಟ್ಟಲೆ ಬದಲಾಗಿದ್ದರೆ, ಕಾರಣವಿಲ್ಲದೆ ತೂಕ ಇಳಿದರೆ, ದೇವದುರ್ಗ, ಮಾನ್ವಿಯವರು ಮೊದಲು ತಾಲ್ಲೂಕು ಆಸ್ಪತ್ರೆಗೆ, ಅಲ್ಲಿಂದ ರಾಯಚೂರಿನ ರಿಮ್ಸ್ ಆಸ್ಪತ್ರೆಗೆ ಹೋಗಿ. ಕ್ಯಾನ್ಸರ್ ಎಂದು ಖಚಿತವಾದರೆ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಘಟಕ ಕಲಬುರಗಿಯಲ್ಲೇ ಇದೆ.