ಕ್ರೈಸ್ಟೋ, ಸೇಂಟ್ ಜೋಸೆಫ್ಸೋ? ಮೊದಲು ಲೆಕ್ಕ ಹಾಕಿ

ಪಿಯುಸಿ ಫಲಿತಾಂಶ ಬಂದೊಡನೆ ದಾವಣಗೆರೆ, ಹರಿಹರದ ಎಷ್ಟೋ ಮನೆಗಳಲ್ಲಿ ಚರ್ಚೆ: ಮಗಳನ್ನು ಬೆಂಗಳೂರಿನಲ್ಲಿ ಯಾವ ವಿಶ್ವವಿದ್ಯಾಲಯಕ್ಕೆ ಸೇರಿಸುವುದು?

ಕ್ರೈಸ್ತ ಸಂಸ್ಥೆಗಳವೂ ಇವೆ. ಸೇಂಟ್ ಜೋಸೆಫ್ಸ್ 1882ರ ಕಾಲೇಜು, 2022ರಲ್ಲಿ ವಿಶ್ವವಿದ್ಯಾಲಯವಾಯಿತು. ಕ್ರೈಸ್ಟ್ 1969ರಲ್ಲಿ ಆರಂಭವಾಗಿ 2008ರಲ್ಲಿ ಡೀಮ್ಡ್ ಮಾನ್ಯತೆ ಪಡೆಯಿತು.

ಪಾಲಕರು ಹೋಲಿಸುವುದು ಮೊದಲ ವರ್ಷದ ಶುಲ್ಕವನ್ನಷ್ಟೇ. ಹಾಸ್ಟೆಲ್, ಊಟಕ್ಕೆ ತಿಂಗಳಿಗೆ 10,000 ರೂಪಾಯಿ ಎಂದಿಟ್ಟುಕೊಂಡರೂ, ವರ್ಷಕ್ಕೆ ಹತ್ತು ತಿಂಗಳಂತೆ ಮೂರು ವರ್ಷಕ್ಕೆ 3 ಲಕ್ಷ. ಎಲ್ಲಿ ಸೇರಿದರೂ ಇದು ತಪ್ಪದು. ಆದ್ದರಿಂದ ಮೂರೂ ವರ್ಷದ ಶುಲ್ಕದಿಂದ ವಿದ್ಯಾರ್ಥಿವೇತನ ಕಳೆದು ನೋಡಬೇಕು.

2009ರಲ್ಲಿ ಸ್ಥಾಪನೆಯಾದ ದಾವಣಗೆರೆ ವಿಶ್ವವಿದ್ಯಾಲಯದ ಕಾಲೇಜಿನಲ್ಲಿ ಬಿ.ಎಸ್ಸಿ. ಓದಿದರೆ ಮನೆಯೂಟ, ಬಸ್ ಪಾಸು ಸಾಕು. ಉಳಿದ ಹಣ ಎಂ.ಎಸ್ಸಿ.ಗೆ ಆದೀತು.

ಹೊಲ ಅಡವಿಡುವ ಮುನ್ನ ಮಗಳನ್ನೂ ಕೂರಿಸಿಕೊಂಡು ಈ ಲೆಕ್ಕ ಹಾಕುವುದು ಲೇಸು.