ಶಕುನಿಗೆ ಸಿಗದ ದಾಳ

ಪಗಡೆಯ ಹಾಸಿನ ಮೇಲೆ ಬೀಳಲಿರುವ ಗರ ಯಾರಿಗೂ ಮುಂಚಿತವಾಗಿ ತಿಳಿದಿರಬಾರದು. ತಿಳಿದಿದ್ದರೆ ಅದು ಆಟವಲ್ಲ, ಮೋಸ. ಧರ್ಮರಾಯ ರಾಜ್ಯಕೋಶಗಳನ್ನು ಕಳೆದುಕೊಂಡದ್ದು ದಾಳ ಶಕುನಿಯ ಮಾತು ಕೇಳುತ್ತಿದ್ದುದರಿಂದ. ಈ ಹಳೆಯ ಕಥೆಯ ನೀತಿ ಇಂದಿನ ಗಣಕಯಂತ್ರಗಳಿಗೂ ಅನ್ವಯಿಸುತ್ತದೆಯೆಂದರೆ ವಾಚಕರಿಗೆ ಅಚ್ಚರಿಯಾದೀತು.

ಕಲಬುರಗಿಯ ಬ್ರಹ್ಮಪುರದಲ್ಲಿ ಗೃಹಿಣಿಯೊಬ್ಬರು ತೊಗರಿಬೇಳೆ ಕೊಂಡು ಮೊಬೈಲಿನಿಂದ ಹಣ ಸಲ್ಲಿಸುತ್ತಾರೆಂದು ಭಾವಿಸೋಣ. ಆ ಸಂದೇಶ ಬ್ಯಾಂಕನ್ನು ಮುಟ್ಟುವವರೆಗೆ ಅನ್ಯರು ಓದದಂತೆ ಗೂಢಲಿಪಿಯಲ್ಲಿ ಅಡಗಿರುತ್ತದೆ. ಗೂಢಲಿಪಿಯ ವಿಧಾನವೇನೂ ಗುಟ್ಟಲ್ಲ. ಅದನ್ನು ಯಾರು ಬೇಕಾದರೂ ಓದಿ ತಿಳಿಯಬಹುದು. ಗುಟ್ಟಾಗಿರುವುದು ಬೀಗದ ಕೈ ಮಾತ್ರ. ಆ ಕೈಯೆಂದರೆ ಒಂದು ದೊಡ್ಡ ಸಂಖ್ಯೆ. ಕಳ್ಳನ ಊಹೆಗೆ ನಿಲುಕದ ಸಂಖ್ಯೆ.

ಬೀಜದಂತೆ ಬೆಳೆ

ಆದರೆ ಗಣಕಯಂತ್ರ ಪರಮ ವಿಧೇಯ. ಅದೇ ಲೆಕ್ಕ ಕೊಟ್ಟರೆ ಸಾವಿರ ಸಲವೂ ಅದೇ ಉತ್ತರ. ಒಂದು ಬೀಜಸಂಖ್ಯೆಯಿಂದ ಕಣ್ಣಿಗೆ ಚೆಲ್ಲಾಪಿಲ್ಲಿಯಾಗಿ ತೋರುವ ಸಂಖ್ಯೆಗಳ ಸಾಲನ್ನೇ ಅದು ಬೆಳೆಯಬಲ್ಲದು, ನಿಜ. ಆದರೆ ಬೀಜ ತಿಳಿದವನಿಗೆ ಬೆಳೆಯೆಲ್ಲ ತಿಳಿದಂತೆಯೇ.

ಆದುದರಿಂದ ಬೀಜವನ್ನು ಯಂತ್ರದ ಹೊರಗಿನಿಂದ ತರಬೇಕು. 1994ರಲ್ಲಿ ಥಿಯೋಡೋರ್ ಚೋ ಅವರು ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಗೆ ಇಂಥದೊಂದು ಏರ್ಪಾಟು ಮಾಡಿದರು. ಕೀಲಿಮಣೆ ಒತ್ತಿದ ಕ್ಷಣ, ಮೌಸ್ ಕದಲಿದ ಗಳಿಗೆ, ಡಿಸ್ಕ್ ಉತ್ತರಕೊಟ್ಟ ಸಮಯ ಇವುಗಳಲ್ಲಿನ ಅತಿಸೂಕ್ಷ್ಮ ಏರುಪೇರುಗಳನ್ನು ಹನಿಹನಿಯಾಗಿ ಒಂದು ಕೊಳಕ್ಕೆ ಸೇರಿಸಿ ಕಲಕುವುದೇ ಆ ಉಪಾಯ. ಕೊಳದ ನೀರನ್ನು ನೇರವಾಗಿ ಯಾರಿಗೂ ಕೊಡುವಂತಿಲ್ಲ. ಅದರಿಂದ ಪಡೆದ ಬೀಜವನ್ನು ಗೂಢಲಿಪಿಯ ಗಿರಣಿಗೆ ಹಾಕಿ, ಬಂದ ಹಿಟ್ಟನ್ನಷ್ಟೇ ಹಂಚಲಾಗುತ್ತದೆ. ಆಂಡ್ರಾಯ್ಡ್ ಮೊಬೈಲುಗಳ ಒಡಲಲ್ಲಿರುವುದೂ ಇದೇ ಲಿನಕ್ಸ್.

ಇಪ್ಪತ್ತು ತಿಂಗಳ ಮೌನ

ಎಚ್ಚರ ತಪ್ಪಿದರೆ ಏನಾಗುವುದೆಂಬುದಕ್ಕೆ ಡೆಬಿಯನ್ ಪ್ರಕರಣವೇ ಸಾಕ್ಷಿ. 2006ರ ಸೆಪ್ಟೆಂಬರಿನಲ್ಲಿ, ಓಪನ್‌ಎಸ್‌ಎಸ್‌ಎಲ್ ಎಂಬ ಗೂಢಲಿಪಿ ತಂತ್ರಾಂಶದ ಡೆಬಿಯನ್ ಆವೃತ್ತಿಯಲ್ಲಿ, ದೋಷಶೋಧಕ ಸಾಧನ ಎಚ್ಚರಿಕೆ ನೀಡುತ್ತಿದೆಯೆಂಬ ಕಾರಣಕ್ಕೆ ಕೆಲವೇ ಸಾಲುಗಳನ್ನು ತೆಗೆದುಹಾಕಲಾಯಿತು. ಕೊಳಕ್ಕೆ ನೀರು ಹರಿಸುತ್ತಿದ್ದ ಕಾಲುವೆಯೇ ಅದರೊಡನೆ ಮುಚ್ಚಿಹೋಯಿತು! ಬೀಜವಾಗಿ ಉಳಿದದ್ದು ಯಂತ್ರ ತನ್ನ ಪ್ರತಿ ಕೆಲಸಕ್ಕೆ ಕೊಡುವ ಕ್ರಮಸಂಖ್ಯೆ ಮಾತ್ರ. ಅದು ಆಗ ಸಾಮಾನ್ಯವಾಗಿ 32,768ನ್ನು ಮೀರುತ್ತಿರಲಿಲ್ಲ. ಕೋಟ್ಯನುಕೋಟಿ ಬೀಗದ ಕೈಗಳಲ್ಲಿ ಒಂದನ್ನು ಹುಡುಕಬೇಕಾಗಿದ್ದ ಕಳ್ಳನಿಗೆ ಒಂದು ಗೊಂಚಲೇ ಕೈಗೆ ಬಂದಂತಾಯಿತು.

2008ರ ಮೇ ತಿಂಗಳಿನಲ್ಲಿ ದೋಷ ಬಹಿರಂಗವಾದಾಗ, ತಂತ್ರಾಂಶವನ್ನು ಸರಿಪಡಿಸಿದರಷ್ಟೇ ಸಾಲದಾಯಿತು. ಅದರಿಂದ ಹುಟ್ಟಿದ ಕೈಗಳನ್ನೆಲ್ಲ ಎಸೆದು ಹೊಸದನ್ನು ಮಾಡಿಕೊಳ್ಳಬೇಕಾಯಿತು. ಇಪ್ಪತ್ತು ತಿಂಗಳು ಇದು ಬೆಳಕಿಗೆ ಬಾರದಿದ್ದುದೇಕೆ? ದುರ್ಬಲ ಕೈಯೂ ಬಲವಾದ ಕೈಯಂತೆಯೇ ಕಾಣುತ್ತದೆ. ಬೀಗವನ್ನೂ ಸಲೀಸಾಗಿ ತೆರೆಯುತ್ತದೆ. ಶಕುನಿಯ ದಾಳವೂ ಹಾಸಿನ ಮೇಲೆ ಎಲ್ಲ ದಾಳಗಳಂತೆಯೇ ಉರುಳಲಿಲ್ಲವೆ?

ಇನ್ನೊಂದು ಅಪಾಯ ಯಂತ್ರ ಎಚ್ಚರಗೊಳ್ಳುವ ಹೊತ್ತಿನದು. ಕೀಲಿಮಣೆಯಾಗಲಿ ಮೌಸ್ ಆಗಲಿ ಇಲ್ಲದ ಪುಟ್ಟ ರೂಟರುಗಳು ಕೊಳ ತುಂಬುವ ಮೊದಲೇ ಬೀಗದ ಕೈ ಮಾಡಿಕೊಳ್ಳುತ್ತಿದ್ದುದರಿಂದ, ಬೇರೆಬೇರೆ ಉಪಕರಣಗಳಿಗೆ ಒಂದೇ ಕೈ ಬಂದಿರುವುದನ್ನು 2012ರಲ್ಲಿ ಸಂಶೋಧಕರು ತೋರಿಸಿದರು. ಕೊಳ ಮೊದಲ ಸಲ ತುಂಬುವವರೆಗೆ ಕೇಳಿದವರನ್ನು ಕಾಯಿಸುವ ಹೊಸ ವ್ಯವಸ್ಥೆ 2014ರಲ್ಲಿ ಲಿನಕ್ಸಿಗೆ ಬಂದಿತು.

ಬೆಂಗಳೂರಿನ ಬೆಳಕು

ಪ್ರಕೃತಿಯಿಂದಲೇ ಅನಿಶ್ಚಿತತೆಯನ್ನು ಪಡೆದು, ಅದು ಅನಿಶ್ಚಿತವೇ ಎಂದು ಪ್ರಮಾಣೀಕರಿಸುವ ಪ್ರಯತ್ನ ಕನ್ನಡ ನಾಡಿನಲ್ಲಿಯೂ ನಡೆದಿದೆ. ಸರ್ ಸಿ. ವಿ. ರಾಮನ್ 1948ರಲ್ಲಿ ಸ್ಥಾಪಿಸಿದ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಊರ್ಬಸಿ ಸಿನ್ಹಾ ಅವರ ತಂಡ ಬೆಳಕಿನ ಒಂಟಿ ಕಣಗಳ ವರ್ತನೆಯಿಂದ 9 ಲಕ್ಷಕ್ಕೂ ಹೆಚ್ಚು ಯಾದೃಚ್ಛಿಕ ಬಿಟ್‌ಗಳನ್ನು ಪಡೆಯಿತು. 2024ರಲ್ಲಿ ಆ ಫಲಿತಾಂಶ ಪ್ರಕಟವಾಯಿತು.

ವಿಧೇಯತೆಯೇ ಗುಣವಾದ ಯಂತ್ರಕ್ಕೆ ಮನುಷ್ಯ ಕಲಿಸಬೇಕಾಗಿ ಬಂದ ಕಠಿಣ ಪಾಠ, ತಾನೇ ಊಹಿಸಲಾರದಂತೆ ನಡೆದುಕೊಳ್ಳುವುದು. ಆ ಪಾಠ ನೆಟ್ಟಗಿರುವವರೆಗೆ ಬ್ರಹ್ಮಪುರದ ಗೃಹಿಣಿಯ ಹಣ ಸುರಕ್ಷಿತ. ಒಂದೆರಡು ಸಾಲು ಅಳಿಸಿದರೆ ಶಕುನಿ ಮತ್ತೆ ಹಾಸಿನ ಬಳಿ ಬಂದು ಕುಳಿತಾನು.